ಕೊಕ್ಕೆ ತಿರುಗಿಸಿದವರು

ಬಟ್ಟೆ ಕಡಿಮೆ ಮಾಡುವ ಹುಚ್ಚು ನನ್ನ ನಾದಿನಿಗೆ ಹಿಡಿದದ್ದು ಕಳೆದ ವರ್ಷ. ಅವಳಿಗೆ ಹಿಡಿದ ಹುಚ್ಚು ಅವಳೊಬ್ಬಳಲ್ಲೇ ನಿಲ್ಲುವುದಿಲ್ಲ. ನಮ್ಮ ಮನೆಗೆ ಬಂದು, ಕಪಾಟು ತೆರೆದು, ಅವಳಣ್ಣನದೂ ನನ್ನದೂ ಹ್ಯಾಂಗರುಗಳ ಕೊಕ್ಕೆಗಳನ್ನೆಲ್ಲ ಬಾಗಿಲ ಕಡೆಗೆ ಮಾಡಿಟ್ಟಳು. ಹಾಕಿಕೊಂಡ ಬಟ್ಟೆಯನ್ನು ಒಗೆದು ಮತ್ತೆ ತೂಗುಹಾಕುವಾಗ ಕೊಕ್ಕೆಯನ್ನು ಗೋಡೆಯ ಕಡೆಗೆ ತಿರುಗಿಸಬೇಕು. ವರ್ಷ ಕಳೆದರೂ ಯಾವುದು ತಿರುಗಿಲ್ಲವೋ ಅದು ಮನೆ ಬಿಡಬೇಕು. ಅಲ್ಲಿಯವರೆಗೆ ಹೊಸದನ್ನು ಕೊಳ್ಳುವಂತಿಲ್ಲ.

"ಬಟ್ಟೆಗೂ ಹಾಜರಿ ತಗೋತೀಯಲ್ಲೇ!" ಎಂದು ನನ್ನ ಗಂಡ ನಕ್ಕರು. ಆದರೆ ತಪ್ಪದೆ ತಿರುಗಿಸಿದರು. ಐದು ತಿಂಗಳು. ಆಮೇಲೆ ಅವರಿಲ್ಲ.

ಅವರ ಇಪ್ಪತ್ತಮೂರು ಶರಟುಗಳಲ್ಲಿ ಒಂಬತ್ತರ ಕೊಕ್ಕೆ ತಿರುಗಿತ್ತು. ಅವರ ಕೈ ತಿರುಗಿಸಿದ್ದು. ಮೊದಮೊದಲು ದಿನವೂ ನೋಡುತ್ತಿದ್ದೆ. ಆಮೇಲೆ ಕಪಾಟಿನ ಅವರ ಬದಿಯ ಬಾಗಿಲು ತೆರೆಯುವುದನ್ನೇ ಬಿಟ್ಟೆ. ಒಳಗೆ ಹಾಗೇ ಇವೆ ಎಂದು ಗೊತ್ತಿದ್ದರೆ ಸಾಕಾಗಿತ್ತು.

ಭಾನುವಾರ ಬೆಳಿಗ್ಗೆ ನಾದಿನಿ ಎರಡು ದೊಡ್ಡ ಚೀಲ ಹಿಡಿದು ಬಂದಳು.

"ಅತ್ತಿಗೆ, ವರ್ಷ ಆಯ್ತು."

"ಯಾವುದಕ್ಕೆ?"

"ಹ್ಯಾಂಗರಿಗೆ." ಅವಳ ಮುಖ ಸಣ್ಣಗಾಯಿತು. "ಸುಮ್ಮನೆ ಧೂಳು ತಿನ್ನೋ ಬದಲು ಯಾರಾದ್ರೂ ಹಾಕ್ಕೊಳ್ಳಲಿ. ಅಣ್ಣನೂ ಬೇಡ ಅಂತಿರಲಿಲ್ಲ."

ನಾನು ಮೊದಲೇ ಲೆಕ್ಕ ಹಾಕಿಟ್ಟಿದ್ದೆ. ತಿರುಗದ ಹದಿನಾಲ್ಕು ಅವಳಿಗೆ, ಒಂಬತ್ತು ನನಗೆ. ಅವಳದೇ ನಿಯಮ. ಮಾತು ಬೆಳೆಸಬೇಕಾಗಿಲ್ಲ.

ಬಾಗಿಲು ತೆರೆದೆ. ಇಪ್ಪತ್ತಮೂರೂ ತಿರುಗಿದ್ದವು.

ಒಂದೊಂದನ್ನೇ ಸರಿಸಿ ನೋಡಿದೆ. ಎಲ್ಲವೂ ಒಂದೇ ಥರ, ಬೆನ್ನು ತೋರಿಸಿ ಸಾಲಾಗಿ ನಿಂತಿದ್ದವು.

"ಯಾರು ಮಾಡಿದ್ದು ಇದನ್ನ?"

ಅಡುಗೆಮನೆಯಿಂದ ಬಂದ ಅತ್ತೆ ಕೈ ಒರೆಸಿಕೊಳ್ಳುತ್ತ ಕೋಣೆಯ ಬಾಗಿಲಲ್ಲಿ ನಿಂತಿದ್ದರು. "ನಾನೇ. ತಿರುಗಿಸದೆ ಇದ್ರೆ ಇವಳು ಹೊತ್ಕೊಂಡು ಹೋಗ್ತಾಳಲ್ಲ. ನೀನು ಕೆಲಸಕ್ಕೆ ಹೋದಾಗ ದಿನಕ್ಕೊಂದು ತೆಗೆದು, ಕೊಡವಿ, ತಿರುಗಿಸಿಟ್ಟೆ."

"ಅತ್ತೆ, ಅವರು ತಿರುಗಿಸಿದ್ದು ಯಾವುದು?"

"ಈಗ ಹೇಗಮ್ಮ ಹೇಳಲಿ? ಎಲ್ಲಾ ಅವನದೇ ಅಲ್ವಾ?"

ಏನು ಹೇಳಲಿ ಇವರಿಗೆ! ಕಾಪಾಡುತ್ತೇನೆಂದು ಹೋಗಿ ಇದ್ದದ್ದನ್ನೂ ಒರೆಸಿ ಹಾಕಿದ್ದರು. ಕೂಗಾಡಬೇಕೆನಿಸಿತು.

"ಅಮ್ಮಾ, ಇದು ಮೋಸ," ಎಂದಳು ನಾದಿನಿ.

"ನಿಯಮ ನಿನ್ನದು. ಕೊಕ್ಕೆ ತಿರುಗಿದೆ. ಮುಟ್ಟಬೇಡ."

ನಾದಿನಿ ನನ್ನ ಬದಿಯ ಬಾಗಿಲು ತೆರೆದಳು. ಅಲ್ಲಿ ತಿರುಗಿದ್ದು ನಾಲ್ಕೇ. ಅವರಿದ್ದಾಗ ನಾನು ತಿರುಗಿಸುವ ಗೋಜಿಗೇ ಹೋಗಿರಲಿಲ್ಲ; ಆಮೇಲೆ ಏಳು ತಿಂಗಳೂ ಅದೇ ಬೂದು ಬಣ್ಣದ ನಾಲ್ಕು ಟಾಪುಗಳಲ್ಲಿ ಕೆಲಸಕ್ಕೆ ಹೋಗಿ ಬಂದಿದ್ದೆ. ಉಳಿದ ಹತ್ತೊಂಬತ್ತನ್ನು ಅವಳು ಬೆರಳಿಟ್ಟು ಎಣಿಸಿದಳು. ಆದರೆ ಚೀಲ ಬಿಚ್ಚಲಿಲ್ಲ.

"ತಗೊಂಡು ಹೋಗು," ಎಂದೆ.

"ಅತ್ತಿಗೆ, ಬೇಡ. ಇನ್ನೊಂದು ವರ್ಷ ನೋಡೋಣ."

"ಎಲ್ಲರಿಗೂ ಒಂದೇ ನಿಯಮ. ಚೀಲ ಹಿಡಿ."

ಒಂದೊಂದಾಗಿ ತೆಗೆದು ತುಂಬಿದೆ. ಮದುವೆಯಾದ ವರ್ಷ ಕೊಂಡ ಹಳದಿಯದೂ ಹೋಯಿತು. ನನ್ನ ಬದಿಯಲ್ಲಿ ಬೂದು ನಾಲ್ಕೇ ಉಳಿದಾಗ, ಅವರ ಬದಿಯಿಂದ ಕೈಗೆ ಸಿಕ್ಕ ನೀಲಿ ಚೌಕಳಿ ಶರಟೊಂದನ್ನು ಎಳೆದು ಮೇಲೆ ಹಾಕಿಕೊಂಡೆ. ಒಂಬತ್ತರಲ್ಲಿ ಅದೂ ಒಂದೋ ಅಲ್ಲವೋ, ಗೊತ್ತಿಲ್ಲ. ತೋಳು ಬೆರಳು ಮುಚ್ಚಿತು. ಎರಡು ಮಡಿಕೆ ಮಡಚಿದೆ.

"ಇದೇನು ಮಾಡ್ತಿದ್ದೀರಿ?"

"ಹೊಸದು ಕೊಳ್ಳೋ ಹಾಗಿಲ್ಲ ಅಂದವಳು ನೀನೇ. ಇರೋದನ್ನ ಹಾಕ್ಕೊಳ್ತೀನಿ. ಇಪ್ಪತ್ತಮೂರಿವೆ."

ಅತ್ತೆ ಅಳುತ್ತಾರೆಂದುಕೊಂಡೆ. ಹತ್ತಿರ ಬಂದು ಎದೆಯ ಮೇಲಿನ ಗುಂಡಿ ಹಿಡಿದು ಅಲ್ಲಾಡಿಸಿದರು. "ಸಡಿಲ ಆಗಿದೆ. ನಿಲ್ಲು, ಬಿಚ್ಚಬೇಡ." ಸೂಜಿ ದಾರ ತಂದು, ನಾನು ನಿಂತ ಹಾಗೆಯೇ ಹೊಲಿದು, ದಾರವನ್ನು ಹಲ್ಲಲ್ಲಿ ಕಡಿದರು. ಅವರ ತಲೆ ನನ್ನ ಗಲ್ಲಕ್ಕೆ ತಾಗುತ್ತಿತ್ತು. ನಾದಿನಿ ಚೀಲಗಳನ್ನು ತಬ್ಬಿ ಕೂತಿದ್ದಳು.

ಸೋಮವಾರ ಅದನ್ನೇ ಹಾಕಿಕೊಂಡು ಕೆಲಸಕ್ಕೆ ಹೋದೆ. ಸಂಜೆ ಒಗೆದೆ. ಒಣಗಿದ ಮೇಲೆ, ಉಳಿದವುಗಳಿಂದ ನಾಲ್ಕು ಬೆರಳು ದೂರದಲ್ಲಿ, ಕೊಕ್ಕೆಯನ್ನು ಗೋಡೆಯ ಕಡೆಗೆ ಮಾಡಿ ತೂಗುಹಾಕಿದೆ. ಇದೊಂದನ್ನು ಯಾರು ತಿರುಗಿಸಿದ್ದೆಂದು ಅನುಮಾನವಿರಬಾರದು.

ಬುಧವಾರ ನೋಡಿದರೆ ಅತ್ತೆ ಅದನ್ನೂ ಸರಿಸಿ ಸಾಲಿಗೆ ಸೇರಿಸಿಟ್ಟಿದ್ದರು.