ಕೆಂಪು ಕತ್ತರಿಸಿ ಉಳಿದದ್ದು

ಹಗ್ಗ ರಾಟೆಯಲ್ಲಿ ಸಿಕ್ಕಿಕೊಂಡು ಬಾವುಟ ಅರ್ಧ ಕಂಬದಲ್ಲೇ ನಿಂತುಬಿಟ್ಟಿತು. ಹೇಗೂ ಅರ್ಧದಲ್ಲೇ ಇರಬೇಕಾದ್ದು ತಾನೇ, ಇರಲಿ ಬಿಡು ಎಂದ ತುಮ್ಮಸ್. ಅವನ ಹೆಂಡತಿ ಮಾರ್ಯುನ್ ಕೇಳಲಿಲ್ಲ. ಸಾವಿನ ದಿನವೂ ಬಾವುಟ ಮೊದಲು ತುದಿ ಮುಟ್ಟಿ ಆಮೇಲೆ ಅರ್ಧಕ್ಕೆ ಇಳಿಯಬೇಕು. ಮಣ್ಣು ಮುಚ್ಚಿದ ಮೇಲೆ ಮತ್ತೆ ತುದಿಗೇರಬೇಕು. ಹೋದವಳು ಮಾರ್ಯುನಳ ತಾಯಿ ಮಾಲಾನ್, ಎಂಬತ್ತೆರಡರ ಮುದುಕಿ, ಊರಿನ ಅರ್ಧಕ್ಕರ್ಧ ಬಾವುಟಗಳನ್ನು ಹೊಲಿದವಳು. ಅವಳ ದಿನವೇ ಇಂಥ ಕಳ್ಳಾಟ ನಡೆಯಬೇಕೇ ಎಂದಳು. ತುಮ್ಮಸ್ ಗೊಣಗುತ್ತ ಹಗ್ಗ ಬಿಡಿಸಿದ. ಬಿಳಿ ಬಟ್ಟೆಯ ಮೇಲೆ ನೀಲಿ ಅಂಚಿನ ಕೆಂಪು ಶಿಲುಬೆಯಿದ್ದ ಫಾರೋ ದ್ವೀಪಗಳ ಬಾವುಟವನ್ನು ತುದಿಯವರೆಗೆ ಎಳೆದು ಮರ್ಯಾದೆಯಿಂದ ಕೆಳಗಿಳಿಸಿದ.

ಕಳ್ಳಾಟ ಎಂಬ ಮಾತು ತನ್ನ ಬಾಯಿಂದಲೇ ಬಂದದ್ದು ಮಾರ್ಯುನಳಿಗೆ ಚುಚ್ಚಿತು. ಕೋಟಿನೊಳಗೆ ಕೈಯಿಟ್ಟು ನೋಡಿಕೊಂಡಳು. ದಿಂಬಿನ ಚೀಲದಲ್ಲಿ ಸುತ್ತಿದ ಗಂಟು ಅಲ್ಲೇ ಇತ್ತು.

ಇಳಿಜಾರಿನುದ್ದಕ್ಕೂ ಕಡಲ ದಂಡೆಯವರೆಗೆ ಪ್ರತಿ ಮನೆಯ ಬಾವುಟವೂ ಅರ್ಧಕ್ಕಿಳಿದಿತ್ತು. ಓಣಿಯ ಆಚೆ ಬದಿಯ ಹಾನುಸ್‌ನ ಕಂಬ ಮಾತ್ರ ಬೋಳಾಗಿತ್ತು. ಕೇಕಿನ ತಟ್ಟೆ ಹೊತ್ತು ಬಂದ ನೆರೆಮನೆಯ ಎಲ್ಸ್ಪಾ ಅದನ್ನು ನೋಡದೆ ಇರುತ್ತಾಳೆಯೇ?

"ನೋಡಿದ್ಯಾ, ಬಾವುಟ ಕಳೆದ ಹಾನುಸ್ ಇವತ್ತೂ ಹಠ ಬಿಡ್ಲಿಲ್ಲ," ಎಂದಳು.

ಊರಿನಲ್ಲಿ ಅವನ ಹೆಸರೇ ಅದು. ಈಗ ಅವನಿಗೆ ಎಂಬತ್ತಮೂರು. ಹತ್ತೊಂಬತ್ತರಲ್ಲಿ ಅಂಟಿದ ಹೆಸರು ಇನ್ನೂ ಬಿಟ್ಟಿಲ್ಲ. ಅವನು ಕಟ್ಟುವುದು ಡೆನ್ಮಾರ್ಕಿನ ಬಾವುಟವನ್ನು ಮಾತ್ರ, ಕೆಂಪಿನ ಮೇಲೆ ಬಿಳಿ ಶಿಲುಬೆ. ಈ ಶಿಲುಬೆ ಹಿಂದೆ ಯಾವುದೋ ಯುದ್ಧದಲ್ಲಿ ದೇವರೇ ಆಕಾಶದಿಂದ ಬೀಳಿಸಿದ್ದು, ನಿಮ್ಮದನ್ನು ಡೆನ್ಮಾರ್ಕಿಗೆ ಓದಲು ಹೋದ ಹುಡುಗರು ಮೊನ್ನೆ ಮೊನ್ನೆ ಕಾಗದದ ಮೇಲೆ ಗೀಚಿದರು ಎಂದು ಬೇಲಿಯ ಆಚೆಯಿಂದ ಮಾಲಾನಳನ್ನು ಕೆಣಕುವುದು ಅವನ ದಿನಚರಿ. ಬಿದ್ದದ್ದನ್ನು ಎತ್ತಿಕೊಂಡವರಿಗೆ ಇಷ್ಟು ಜಂಬವಾದರೆ ಹೊಲಿದವರಿಗೆ ಎಷ್ಟಿರಬೇಡ ಎಂದು ಅವಳು ಈಚೆಯಿಂದ. ಹಾಗಿದ್ದೂ ಪ್ರತಿ ಚಳಿಗಾಲ ಒಂದು ಜೊತೆ ಉಣ್ಣೆಯ ಕಾಲುಚೀಲ ಓಣಿ ದಾಟಿ ಹೋಗುತ್ತಿತ್ತು. ಚಿಕ್ಕವಳಿದ್ದಾಗ ಅದನ್ನು ಒಯ್ದುಕೊಡುತ್ತಿದ್ದವಳು ಮಾರ್ಯುನ್. ಯಾಕಮ್ಮಾ ಎಂದರೆ, ಅವನ ಕಾಲಿಗೆ ಚಳಿ ಜಾಸ್ತಿ ಎನ್ನುತ್ತಿದ್ದಳು ಮಾಲಾನ್. ಕಾಲುಚೀಲದ ನಿಜವಾದ ಕಾರಣ ಮಗಳಿಗೆ ಗೊತ್ತಾದದ್ದು ಅಮ್ಮ ಸಾಯುವ ಎರಡು ದಿನ ಮುಂಚೆ.

*

ಡೆನ್ಮಾರ್ಕನ್ನು ಜರ್ಮನರು ನುಂಗಿದ ಏಪ್ರಿಲ್ ಅದು, ಸಾವಿರದ ಒಂಬೈನೂರ ನಲವತ್ತು. ಡೆನ್ಮಾರ್ಕಿನ ಅಧೀನದಲ್ಲಿದ್ದ ಫಾರೋ ದ್ವೀಪಗಳಿಗೆ ಇಂಗ್ಲಿಷ್ ಸಿಪಾಯಿಗಳು ಬಂದಿಳಿದಿದ್ದರು. ಶತ್ರುವಿನ ಕೈಸೇರಿದ ದೇಶದ ಬಾವುಟ ಕಟ್ಟಿಕೊಂಡು ಹಡಗುಗಳು ಕಡಲಿಗಿಳಿಯುವ ಹಾಗಿಲ್ಲ, ನಿಮ್ಮದನ್ನೇ ಕಟ್ಟಿ ಎಂದು ರೇಡಿಯೋದಲ್ಲಿ ಬಂತು. ಇಪ್ಪತ್ತು ವರ್ಷ ಮದುವೆ ಮನೆಗಳಲ್ಲಿ ಹಾರಿಕೊಂಡಿದ್ದ ಕೆಂಪು ಶಿಲುಬೆಗೆ ಒಂದೇ ದಿನದಲ್ಲಿ ಎಲ್ಲಿಲ್ಲದ ಬೆಲೆ ಬಂತು. ಮಾಲಾನಳ ಅಪ್ಪ, ಇಬ್ಬರು ಅಣ್ಣಂದಿರು ಸೋಮವಾರ ಮೀನು ಹೇರಿಕೊಂಡು ಸ್ಕಾಟ್ಲೆಂಡಿಗೆ ಹೊರಡಬೇಕು. ಬಾವುಟವಿಲ್ಲದೆ ಹೋದರೆ ಯಾರು ಬೇಕಾದರೂ ಗುಂಡು ಹಾರಿಸಬಹುದು.

ಹದಿನೆಂಟರ ಮಾಲಾನ್ ಹೊಲಿಯಲು ಕೂತಳು. ಬಿಳಿಗೆ ಹಾಸಿಗೆಯ ಹೊದಿಕೆ ಹರಿದಳು, ನೀಲಿಗೆ ತನ್ನ ಏಪ್ರನ್ ಕತ್ತರಿಸಿದಳು. ಕೆಂಪು ಬಟ್ಟೆ ಊರಲ್ಲೆಲ್ಲೂ ಇಲ್ಲ. ಅಂಗಡಿಯವನ ಹಿತ್ತಲಲ್ಲಿ ಮಾತ್ರ ಇತ್ತು: ತೊಳೆದು ಒಣಗಲು ಹಾಕಿದ್ದ ಡೆನ್ಮಾರ್ಕಿನ ದೊಡ್ಡ ಬಾವುಟ. ಸೂರ್ಯ ಮುಳುಗುವ ಮುಂಚೆ ಅದನ್ನು ಒಳಗೆ ತರಬೇಕಾದವನು ಅಂಗಡಿಯವನ ಮಗ ಹಾನುಸ್. ಮಧ್ಯಾಹ್ನ ಗುಡ್ಡದಿಂದ ಮಂಜು ಇಳಿಯಿತು, ಹಾನುಸ್ ಕಾಫಿ ಕುಡಿಯಲು ಒಳಗೆ ಹೋದ, ಮಂಜು ಎದ್ದಾಗ ತಂತಿಯ ಮೇಲೆ ಎರಡು ಕ್ಲಿಪ್ಪು ಮಾತ್ರ ಉಳಿದಿದ್ದವು.

ಗಾಳಿ ಕಡಲಿಗೆ ಒಯ್ದಿರಬೇಕು ಎಂದರು ಎಲ್ಲರೂ. ಅಂಗಡಿಯವನು ಭಾನುವಾರ ಚರ್ಚಿನ ಬಾಗಿಲಲ್ಲಿ, ಊರೆದುರು, ಮಗನ ಕೆನ್ನೆಗೆ ಎರಡು ಬಿಟ್ಟ. ಮಾಲಾನ್ ಅದನ್ನು ನೋಡಿದಳು. ಹೇಳಬೇಕೆಂದುಕೊಂಡಳು, ಬಾಯಿ ಬರಲಿಲ್ಲ. ಸೋಮವಾರ ದೋಣಿ ಹೊರಟಿತು.

ಯುದ್ಧ ಮುಗಿಯುವ ಹೊತ್ತಿಗೆ ದೋಣಿಯ ಆ ಬಾವುಟವನ್ನು ಗಾಳಿಯೇ ತಿಂದುಹಾಕಿತ್ತು. ಕತ್ತರಿಸಿ ಉಳಿದದ್ದು ಮಾತ್ರ ಮಾಲಾನಳ ಪೆಟ್ಟಿಗೆಯ ತಳದಲ್ಲಿ ಉಳಿಯಿತು.

"ನನ್ನನ್ನ ಮಣ್ಣಿಗೆ ಹಾಕಿದ್ಮೇಲೆ ಅವನಿಗೆ ಕೊಡು," ಎಂದು ಮಂಗಳವಾರ ಮಗಳಿಗೆ ಹೇಳಿದ್ದಳು. "ಮುಂಚೆ ಕೊಟ್ರೆ ಶವಪೆಟ್ಟಿಗೆ ಬಡಿದು ಎಬ್ಬಿಸಿ ಜಗಳ ಆಡ್ತಾನೆ."

*

ಹಾನುಸ್ ಚರ್ಚಿಗೆ ಬಂದಿದ್ದ. ಸ್ತೋತ್ರವನ್ನು ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರಿಗಿಂತ ಅಪಸ್ವರದಲ್ಲಿ ಹಾಡಿದ. ಗುಂಡಿಗೆ ಮಣ್ಣು ಬಿದ್ದಾಗ ಟೋಪಿ ತೆಗೆದು ನಿಂತ. ಮಾಲಾನಳದು ಒಳ್ಳೆಯ ಸಾವು ಎಂದು ಎಲ್ಲರಿಗೂ ಸಮಾಧಾನವಿತ್ತು: ಬೆಳಗಿನ ಕಾಫಿ ಕುಡಿದು, ಲೋಟ ತಾನೇ ತೊಳೆದಿಟ್ಟು, ಕುರ್ಚಿಯಲ್ಲೇ ಹೋದಳು. ಸಮಾಧಾನವಿಲ್ಲದವಳು ಮಾರ್ಯುನ್ ಒಬ್ಬಳೇ.

ಮನೆಯಲ್ಲಿ ಊಟಕ್ಕೆ ಕೂತಿದ್ದರು. ಕುರಿಮಾಂಸದ ಸಾರು, ಗಾಳಿಗೊಣಗಿಸಿದ ಮಾಂಸ, ಕೇಕು, ಕಾಫಿ. ಮಾತೆಲ್ಲ ಮಾಲಾನಳದೇ. ಅವಳ ಹೊಲಿಗೆ ಎಷ್ಟು ನೇರ, ಅವಳ ಕೈ ಎಷ್ಟು ಶುದ್ಧ ಎಂದು ಪಾದ್ರಿ ಹೇಳಿದಾಗ ಮಾರ್ಯುನ್ ಅಡುಗೆಮನೆಗೆ ಎದ್ದು ಬಂದಳು. ಒಲೆ ಉರಿಯುತ್ತಿತ್ತು. ಈ ಗಂಟನ್ನು ಒಳಗೆ ತುರುಕಿದರೆ ಎರಡು ನಿಮಿಷದ ಕೆಲಸ. ಕೊಟ್ಟರೆ? ಊರ ಮುಂದೆ ಮುದುಕ ಕೂಗಾಡಿದರೆ ನಾಳೆಯಿಂದ ಅಮ್ಮನಿಗೂ ಒಂದು ಹೆಸರು ಅಂಟುತ್ತದೆ, ಅದನ್ನು ಕಿತ್ತುಹಾಕಲು ಅಮ್ಮ ಇರುವುದಿಲ್ಲ. ಅಮ್ಮನ ಮೇಲೆ ಸಿಟ್ಟು ಬಂತು. ಕಳ್ಳತನ ನಿನ್ನದು, ಒಪ್ಪಿಸುವ ಕೆಲಸ ನನ್ನದಾ? ಒಲೆಯ ಬಾಗಿಲು ತೆರೆದೂಬಿಟ್ಟಳು. ಕಿಟಕಿಯಿಂದ ಆ ಬೋಳು ಕಂಬ ಕಂಡಿತು. ಅರವತ್ತನಾಲ್ಕು ವರ್ಷ ಆ ಮನುಷ್ಯ ಮಾಡದ ತಪ್ಪಿನ ಹೆಸರನ್ನು ಹೊತ್ತಿದ್ದಾನೆ. ಒಲೆ ಮುಚ್ಚಿ ಒಳಗೆ ಹೋದಳು.

"ಹಾನುಸ್ ಮಾವ, ಇದನ್ನ ನಿಮಗೆ ಕೊಡು ಅಂದಿದ್ದಳು ಅಮ್ಮ."

ಅವನು ಬಟ್ಟಲು ಸರಿಸಿ ಗಂಟು ಬಿಚ್ಚಿದ. ಮಡಿಕೆ ಮಡಿಕೆಯಾಗಿ ಮೇಜಿನ ಮೇಲೆ ಹರಡಿದ್ದು ಒಂದು ಬಿಳಿ ಶಿಲುಬೆ. ಸುತ್ತಲಿನ ಕೆಂಪು ನಾಲ್ಕು ಕಡೆಯೂ ಅಂಚಿನಗುಂಟ ಕತ್ತರಿಸಿ ಹೋಗಿತ್ತು. ಎಲ್ಸ್ಪಾಳ ಕೈಯಲ್ಲಿ ಸೌಟು ಹಾಗೇ ನಿಂತಿತು. ಎಲ್ಲರಿಗೂ ಅರ್ಥವಾಯಿತು.

ಹಾನುಸ್ ಅಂಚಿನ ಮೇಲೆ ಹೆಬ್ಬೆರಳು ಎಳೆದ. "ಎಷ್ಟು ನೀಟಾಗಿ ಕತ್ತರಿಸಿದ್ದಾಳೆ ನೋಡು. ಒಂದು ನೂಲೂ ಆಚೀಚೆ ಇಲ್ಲ."

"ಮಂಗಳವಾರದವರೆಗೂ ನನಗೆ ಗೊತ್ತಿರ್ಲಿಲ್ಲ ಮಾವ," ಎಂದಳು ಮಾರ್ಯುನ್.

"ನನಗೆ ಗೊತ್ತಿತ್ತಲ್ಲ," ಎಂದ ಹಾನುಸ್.

ಆ ಬಾವುಟದ ಕೆಂಪಿನಲ್ಲಿ ನುಸಿ ತಿಂದ ತೂತೊಂದಿತ್ತಂತೆ. ಅವನ ತಾಯಿ ಅದಕ್ಕೆ ಕಂದು ದಾರದಲ್ಲಿ ರಫು ಹಾಕಿದ್ದಳು. ಸೋಮವಾರ ದೋಣಿ ಹೊರಟಾಗ ಅವನೂ ದಂಡೆಯಲ್ಲಿದ್ದ. ಹೊಸ ಶಿಲುಬೆಯ ಎಡತೋಳಿನಲ್ಲಿ ಅಮ್ಮನ ಕಂದು ರಫು ಹಾರುತ್ತಿತ್ತು.

"ಹೇಳಿದ್ರೆ ಅಪ್ಪ ನೀರಿಗಿಳಿದು ಕಿತ್ಕೊಂಡು ಬರ್ತಿದ್ದ. ಮೂರು ಜನ ಅದರ ಕೆಳಗೆ ಕೂತಿದ್ರು. ಮೂರೂ ಜನ ವಾಪಸ್ ಬಂದ್ರು."

"ಆಮೇಲಾದ್ರೂ ಹೇಳ್ಬಾರ್ದಿತ್ತಾ ಮಾರಾಯ?" ಎಂದಳು ಎಲ್ಸ್ಪಾ. "ಇಷ್ಟು ವರ್ಷ ಸುಮ್ನೆ ಅನ್ನಿಸ್ಕೊಂಡ್ಯಲ್ಲ."

"ಹೇಳಿದ್ರೆ ಕಾಲುಚೀಲ ನಿಂತುಹೋಗ್ತಿತ್ತು."

ಮೊದಲು ನಕ್ಕವನು ಪಾದ್ರಿ. ಆಮೇಲೆ ಮನೆಯೆಲ್ಲ ನಕ್ಕಿತು. ಮಾರ್ಯುನ್ ನಗುತ್ತ ನಗುತ್ತ ಅತ್ತುಬಿಟ್ಟಳು. ಹಾಗಾದರೆ ಕಂಬ ಯಾಕೆ ಬೋಳು ಬಿಟ್ಟಿರಿ ಎಂದು ಮೂಗೊರೆಸಿಕೊಳ್ಳುತ್ತ ಕೇಳಿದಳು.

"ನನ್ನದನ್ನ ಕಟ್ಟಿದ್ರೆ ಅವಳು ಎದ್ದು ಬರ್ತಿದ್ಲು. ಅವಳದ್ದು ನನ್ನ ಹತ್ರ ಇಲ್ಲ," ಎಂದ ಹಾನುಸ್.

ಹೊರಗೆ ತುಮ್ಮಸ್ ಬಾವುಟವನ್ನು ತುದಿಗೇರಿಸಲು ಹೊರಟಿದ್ದ. ಹಾನುಸ್ ಕೋಲನ್ನು ಕುರ್ಚಿಗೇ ಒರಗಿಸಿಟ್ಟು, ಬಟ್ಟೆಯನ್ನು ಎದೆಗವಚಿಕೊಂಡು ಓಣಿ ದಾಟಿದ. ಊಟಕ್ಕೆ ಕೂತವರೆಲ್ಲ ಕಾಫಿ ಬಟ್ಟಲು ಹಿಡಿದೇ ಬಾಗಿಲಿಗೆ ಬಂದರು. ತನ್ನ ಕಂಬದ ಹಗ್ಗಕ್ಕೆ ಅದನ್ನು ಗಂಟು ಹಾಕಲು ಮುದುಕನ ಬೆರಳು ಬಹಳ ಹೊತ್ತು ತೆಗೆದುಕೊಂಡಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ.

ಓಣಿಯ ಎರಡೂ ಕಡೆ ಹಗ್ಗಗಳು ಒಟ್ಟಿಗೇ ಓಡಿದವು. ಹಾನುಸ್‌ನದು ಮೊದಲು ಚಿಂದಿಯ ಹಾಗೆ ಸುತ್ತಿಕೊಂಡು ಮೇಲೇರಿತು. ತುದಿಯಲ್ಲಿ ಕಡಲ ಗಾಳಿ ಅದನ್ನು ಹಿಡಿಯಿತು. ಬಿಳಿಯ ತೋಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಕೆಂಪು ಇರಬೇಕಾದ ನಾಲ್ಕು ಕಡೆಯೂ ಆಕಾಶವಿತ್ತು.