ನಾನೂರಕ್ಕೆ ನಾನೂರು ನೀಲಿ

ಅಣ್ಣ ತೀರಿಕೊಂಡ ಇಪ್ಪತ್ತೆರಡನೆಯ ದಿನ ತಮ್ಮ ಬಂದು ಬಿಯರ್ ಬ್ರೂವರಿಯ ಬೀಗ ತೆಗೆದ. ಶೀತಲ ಕೋಣೆಯ ಡಬ್ಬಿಯಿಂದ ಒಂದು ಹನಿ ಯೀಸ್ಟ್ ತೆಗೆದು, ನೀಲಿ ಬಣ್ಣ ಬೆರೆಸಿ ಸೂಕ್ಷ್ಮದರ್ಶಕದ ಕೆಳಗಿಟ್ಟ. ಬದುಕಿರುವ ಕಣ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸತ್ತ ಕಣ ನೀಲಿಯಾಗುತ್ತದೆ. ಅವನು ನಾನೂರು ಕಣ ಎಣಿಸಿದ. ನಾನೂರೂ ನೀಲಿ. ಎಣಿಕೆ ತಪ್ಪಿರಬಹುದೆಂದು ಇನ್ನೊಂದು ಹನಿ ತೆಗೆದು ಮತ್ತೆ ನಾನೂರು ಎಣಿಸಿದ. ಉತ್ತರ ಬದಲಾಗಲಿಲ್ಲ.

ತಪ್ಪು ಅವನದೇ. ಅಣ್ಣ ಹೋದ ಸುದ್ದಿ ಬಂದು ಆಸ್ಪತ್ರೆಗೆ ಓಡುವ ಅವಸರದಲ್ಲಿ ಬೀಗ ಹಾಕುವಾಗ, ಬಹಳ ದಿನ ಮುಚ್ಚುವ ಕಟ್ಟಡಕ್ಕೆ ಮಾಡುವಂತೆ, ಮುಖ್ಯ ಸ್ವಿಚ್ಚನ್ನೇ ಆರಿಸಿ ಹೋಗಿದ್ದ. ಶೀತಲ ಕೋಣೆ ಇಪ್ಪತ್ತೆರಡು ದಿನ ಬಿಸಿಲಿನ ಗೋಡೆಗಳ ನಡುವೆ ಬೆಂದಿತ್ತು.

ಆ ಯೀಸ್ಟಿಗೆ ಹತ್ತೊಂಬತ್ತು ವರ್ಷ. ಅಣ್ಣ ಅದನ್ನು ಅಂಗಡಿಯಿಂದ ತಂದವನಲ್ಲ. ಸೇಬಿನ ಸಿಪ್ಪೆಯ ಮೇಲಿದ್ದದ್ದನ್ನು ಹಿಡಿದು ಬೆಳೆಸಿದ್ದ. ಒಂದು ಬಿಯರಿನ ತಳದಲ್ಲಿ ಉಳಿದ ಗಸಿಯನ್ನು ಮುಂದಿನದಕ್ಕೆ, ಅದರದ್ದನ್ನು ಅದರ ಮುಂದಿನದಕ್ಕೆ ಹಾಕುತ್ತ ವಂಶ ಮುರಿಯದಂತೆ ಸಾಕಿದ್ದ. ಮಕ್ಕಳಿಲ್ಲದ ಮನೆ. ಊಟಕ್ಕೆ ಕುಳಿತಾಗಲೂ ಅವನು ಅದರ ಯೋಗಕ್ಷೇಮದ ಮಾತನ್ನೇ ಆಡುತ್ತಿದ್ದ.

ತಮ್ಮ ಡಬ್ಬಿಯನ್ನು ಮೋರಿಗೆ ಬಗ್ಗಿಸಿದ. ಡಬ್ಬಿ, ಪೈಪು, ಟ್ಯಾಂಕು ಎಲ್ಲವನ್ನೂ ಕ್ಷಾರ ಹಾಕಿದ ಕುದಿನೀರಿನಲ್ಲಿ ಎರಡು ಸಲ ತೊಳೆದ. ಆಮೇಲೆ ಪೇಟೆಯಲ್ಲಿ ಯಾರಿಗೆ ಬೇಕಾದರೂ ಸಿಗುವ ಪೊಟ್ಟಣದ ಯೀಸ್ಟ್ ತಂದು, ಮೊಳಕೆ ಬಾರ್ಲಿ ಕುದಿಸಿ ತೆಗೆದ ಮಾಲ್ಟ್ ರಸಕ್ಕೆ ಹಾಕಿದ. ಸಂಜೆ ಅತ್ತಿಗೆ ಕೇಳಿದಳು:

"ಅದು ಬದುಕಿದೆಯಾ?"

ಗಂಡ ಹೋದಂದಿನಿಂದ ಅವಳು ನಾಲ್ಕು ತುತ್ತಿಗಿಂತ ಹೆಚ್ಚು ತಿಂದದ್ದನ್ನು ಅವನು ಕಂಡಿರಲಿಲ್ಲ. ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು.

"ಬದುಕಿದೆ," ಎಂದ.

ಆ ದಿನ ಅವಳು ತಟ್ಟೆ ಖಾಲಿ ಮಾಡಿದಳು. ಅಲ್ಲಿಗೆ ಅವನ ಬಾಯಿಗೆ ಬೀಗ ಬಿತ್ತು. ಈ ಸುಳ್ಳು ಒಡೆದರೆ ಅವಳು ಮತ್ತೆ ತಟ್ಟೆ ದೂಡುತ್ತಾಳೆ. ಈ ಸಲ ದೂಡಿದರೆ ಉಳಿಯುವುದಿಲ್ಲ. ಇದು ಅವನು ಹಾಕಿಕೊಂಡ ಲೆಕ್ಕ.

ಮರುದಿನದಿಂದ ಅತ್ತಿಗೆ ಬೆಳಿಗ್ಗೆ ಏಳಕ್ಕೆ ಬಂದು ಎರಡನೆಯ ಟ್ಯಾಂಕಿನ ಪಕ್ಕ ಸ್ಟೂಲು ಹಾಕಿ ಕೂರತೊಡಗಿದಳು. ಟ್ಯಾಂಕಿನ ತಲೆಯಿಂದ ಇಳಿದ ಕೊಳವೆಯ ತುದಿ ನೀರಿನ ಬಕೆಟ್ಟಿನಲ್ಲಿ ಮುಳುಗಿರುತ್ತದೆ. ಒಳಗೆ ಹುದುಗು ಬಂದಾಗ ಅನಿಲ ಅಲ್ಲಿ ಗುಳುಗುಳು ಎನ್ನುತ್ತದೆ. ಅವಳು ಅರ್ಧ ಗಂಟೆ ಅದನ್ನು ಕೇಳಿ, ಮಾತಿಲ್ಲದೆ ಎದ್ದು ಹೋಗುತ್ತಿದ್ದಳು.

ಮೊದಲ ಮೂರು ಬಾರಿಯ ಬಿಯರಿಗೆ ಗಿರಾಕಿಗಳು ಮೂತಿ ತಿರುಗಿಸಿದರು. ಅಣ್ಣನ ಬಿಯರಿನಲ್ಲಿ ಲವಂಗದಂಥ ಒಂದು ಕಟುವಾದ ವಾಸನೆ ಇರುತ್ತಿತ್ತು; ಇದರಲ್ಲಿ ಮಾಗಿದ ಬಾಳೆಹಣ್ಣು ಬಿಟ್ಟರೆ ಬೇರೆ ಇಲ್ಲ. ತಮ್ಮ ನೀರಿನ ಮೇಲೆ ತಪ್ಪು ಹೊರಿಸಿದ. ನಾಲ್ಕನೆಯ ಬಾರಿ ದೂರು ಕಡಿಮೆಯಾಯಿತು. ಆರನೆಯ ಬಾರಿಗೆ ನಿಂತೇಹೋಯಿತು. ಜನರ ನಾಲಿಗೆಗೆ ಮರೆವು ಹೆಚ್ಚು ಎಂದುಕೊಂಡ. ತಾನು ಮಾತ್ರ ರುಚಿ ನೋಡುವುದನ್ನು ಬಿಟ್ಟಿದ್ದ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ.

ಎಂಟನೆಯ ತಿಂಗಳಲ್ಲಿ, ಒಂದು ಶನಿವಾರ ಹನ್ನೊಂದು ಗಂಟೆಗೆ, ಬಿಯರ್ ಪ್ರಿಯರ ಮಾಸಪತ್ರಿಕೆಯೊಂದರ ವರದಿಗಾರ್ತಿ ಬಂದಳು. ಶನಿವಾರದ ರುಚಿಪರೀಕ್ಷೆ ಅಣ್ಣ ಹಾಕಿಕೊಟ್ಟ ಪದ್ಧತಿ. ಪ್ರತಿಯೊಬ್ಬರ ಮುಂದೆ ಮೂರು ಗ್ಲಾಸು; ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಬೇರೆಯದು ಯಾವುದೆಂದು ಚೀಟಿಯಲ್ಲಿ ಬರೆಯಬೇಕು. ಖಾಯಂ ಪರೀಕ್ಷಕರು ಮೂವರು: ಹಲ್ಲಿನ ಡಾಕ್ಟರು, ಪೋಸ್ಟ್‌ಮನ್, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಹನಿ ಹನಿ ಅಳೆದು ಸುರಿಯುವ ತಮ್ಮನಿಗೆ ಅವರು ಇಟ್ಟ ಹೆಸರು ಅಳತೆಗೋಲು.

"ಈಗ ಎಲ್ಲಾ ಕಡೆ ಅದೇ ಪೊಟ್ಟಣದ ಯೀಸ್ಟ್," ಎಂದಳು ವರದಿಗಾರ್ತಿ. "ದೊಡ್ಡ ಕಂಪನಿಗಳು ಚಿಕ್ಕವರನ್ನ ಒಬ್ಬೊಬ್ಬರಾಗಿ ನುಂಗ್ತಿವೆ. ಇಪ್ಪತ್ತು ಬ್ರೂವರಿಗೆ ಹೋಗಿಬಂದೆ, ಎಲ್ಲಾ ಒಂದೇ ತಾಯಿ ಮಕ್ಕಳ ಥರ ಇವೆ. ಅದಕ್ಕೇ ಮನೆಯ ಯೀಸ್ಟ್ ಉಳಿಸಿಕೊಂಡವರ ಬಗ್ಗೆ ಬರೀತಿದ್ದೀನಿ."

"ಬರೀರಿ, ಬರೀರಿ," ಎಂದ ಪೋಸ್ಟ್‌ಮನ್. "ನೀವು ಎತ್ತು ಈಯ್ತು ಅಂತ ಬರೆದ್ರೆ, ಓದೋರು ಕೊಟ್ಟಿಗೇಲಿ ಕಟ್ಟು ಅಂತಾರೆ."

"ಅದಕ್ಕೇ ಪರೀಕ್ಷೆ ಮಾಡಿಸ್ತಿರೋದು. ಇವರಣ್ಣ ಆರು ವರ್ಷದ ಹಿಂದೆ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಯೀಸ್ಟ್ ಕೊಟ್ಟಿದ್ದರು. ಜೀವಂತ ಮಾದರಿ ಅವರ ಹತ್ತಿರ ಈಗ ಇಲ್ಲ. ಆದ್ರೆ ಅದರ ಡಿಎನ್‌ಎ ಗುರುತಿನ ಪಟ್ಟೆಗಳ ಚಿತ್ರ ಇದೆ, ನಮ್ಮ ಬೆರಳಚ್ಚಿನ ಥರ. ಇವತ್ತಿನದನ್ನ ಅದಕ್ಕೆ ಹೋಲಿಸಿದರೆ ಆಯ್ತು."

ತಮ್ಮ ಕೈಯಲ್ಲಿದ್ದ ಜಗ್ಗನ್ನು ಮೇಜಿನ ಮೇಲಿಟ್ಟ. ಅತ್ತಿಗೆ ಆಗಲೇ ಮಾದರಿಗೆಂದು ಶೀಷೆ ತೊಳೆಯುತ್ತಿದ್ದಳು.

"ಕೊಡಪ್ಪ," ಎಂದಳು. "ಅವರ ಹೆಸರು ಪತ್ರಿಕೇಲಿ ಬರಲಿ."

ಅವಳ ಕಣ್ಣೆದುರಿಗೇ ಎರಡನೆಯ ಟ್ಯಾಂಕಿನಿಂದ ಮಾದರಿ ತೆಗೆದುಕೊಡಬೇಕಾಯಿತು. ಅಷ್ಟಕ್ಕೆ ನಿಲ್ಲದೆ ಅತ್ತಿಗೆ ಅಣ್ಣನ ಕೊನೆಯ ಕೈಕೆಲಸವಾಗಿ ಉಳಿದಿದ್ದ ಎಂಟು ಬಾಟಲಿಗಳಲ್ಲಿ ನಾಲ್ಕನ್ನು ತಂದಿಟ್ಟಳು. ಹಳೆಯದಕ್ಕೂ ಹೊಸದಕ್ಕೂ ಅಂದಿನ ಪರೀಕ್ಷೆ.

ವರದಿಗಾರ್ತಿಯೂ ಸೇರಿ ನಾಲ್ಕು ಜನ, ಮೂರು ಸುತ್ತು, ಹನ್ನೆರಡು ಚೀಟಿ. ಹನ್ನೆರಡೂ ಸರಿಯಾಗಿರುತ್ತವೆಂದು ತಮ್ಮ ಖಚಿತವಾಗಿ ನಂಬಿದ್ದ. ಯೀಸ್ಟ್ ಬೇರೆ ಎಂಬುದಿರಲಿ, ಎಂಟು ತಿಂಗಳು ಬಾಟಲಿಯಲ್ಲಿ ಕೂತ ಬಿಯರಿಗೆ ವಯಸ್ಸಿನ ಗುರುತಾದರೂ ಇರಬೇಕಲ್ಲ.

"ಏನೋ ಅಳತೆಗೋಲು," ಎಂದರು ಡಾಕ್ಟರು ಮೂರನೆಯ ಸುತ್ತಿನಲ್ಲಿ. "ಮೂರಕ್ಕೂ ಒಂದೇ ಸುರಿದು ನಮ್ಮನ್ನ ಮಂಗ ಮಾಡ್ತಿದ್ದೀಯಾ?"

"ಇವನಿಗೆ ಅಷ್ಟೆಲ್ಲ ತಮಾಷೆ ಎಲ್ಲಿ ಬರುತ್ತೆ," ಎಂದರು ಮೇಷ್ಟ್ರು. "ಅದು ದೊಡ್ಡವನ ಬುದ್ಧಿ."

ತಮ್ಮ ಚೀಟಿಗಳನ್ನು ಬಿಡಿಸಿ ನೋಡಿದ. ಹನ್ನೆರಡರಲ್ಲಿ ನಾಲ್ಕು ಸರಿ. ಮೂರರಲ್ಲಿ ಒಂದನ್ನು ಕಣ್ಣುಮುಚ್ಚಿ ಆರಿಸಿದರೂ ಹನ್ನೆರಡಕ್ಕೆ ಸುಮಾರು ನಾಲ್ಕು ಸರಿಯಾಗುತ್ತವೆ. ಅಂದರೆ ಯಾರೂ ಏನನ್ನೂ ಕಂಡುಹಿಡಿದಿರಲಿಲ್ಲ, ಎಲ್ಲರೂ ಊಹಿಸಿದ್ದರು. ಎಲ್ಲರೂ ಹೋದ ಮೇಲೆ ಅವನು ಹಳೆಯದು, ಹೊಸದು ಎರಡರ ಗ್ಲಾಸುಗಳ ತಳದಲ್ಲಿ ಉಳಿದದ್ದನ್ನು ಮೂಗಿಗೆ ಹಿಡಿದ. ಅದರಲ್ಲೂ ಲವಂಗ, ಇದರಲ್ಲೂ ಲವಂಗ.

ವರದಿ ಬರಲು ಹನ್ನೊಂದು ದಿನವಾಗಬಹುದು ಎಂದಿದ್ದರು. ಎರಡನೆಯ ಟ್ಯಾಂಕಿನಲ್ಲಿದ್ದ ಬಿಯರ್ ಏಳನೆಯ ದಿನಕ್ಕೆ ಹುದುಗುವುದನ್ನು ನಿಲ್ಲಿಸಬೇಕಿತ್ತು. ಒಂಬತ್ತನೆಯ ದಿನ ಅಳೆದಾಗ ಸಕ್ಕರೆ ಪೂರ್ತಿ ಮುಗಿದಿತ್ತು, ಆದರೆ ಬಕೆಟ್ಟಿನಲ್ಲಿ ಗುಳ್ಳೆ ಏಳುತ್ತಲೇ ಇತ್ತು. ಅವನು ಟ್ಯಾಂಕಿನ ಸುತ್ತ ಶೀತಲನೀರು ಹರಿಸಿ ನಾಲ್ಕು ಡಿಗ್ರಿಗೆ ಇಳಿಸಿದ. ಆ ಚಳಿಗೆ ಯಾವ ಯೀಸ್ಟಾದರೂ ಮುದುಡಿ ತಳ ಸೇರಬೇಕು. ಗುಳ್ಳೆ ನಿಲ್ಲಲಿಲ್ಲ. ಗಡಿಯಾರ ಹಿಡಿದು ಎಣಿಸಿದ: ಮೂರು ಗುಳ್ಳೆ, ಒಂದು ದೀರ್ಘ ತಡೆ, ಮೂರು ಗುಳ್ಳೆ, ಒಂದು ತಡೆ. ತಿನ್ನಲು ಏನೂ ಉಳಿಯದ ಜಾಗದಲ್ಲಿ ಅದು ಏನು ತಿನ್ನುತ್ತಿದೆ ಎಂಬ ಪ್ರಶ್ನೆಗೆ ಅವನು ಕಲಿತ ಯಾವ ಪುಸ್ತಕದಲ್ಲೂ ಉತ್ತರವಿರಲಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ ಪೋಸ್ಟ್‌ಮನ್ ಕಾಗದ ತಂದುಕೊಟ್ಟ. ಹೋಲಿಸಿದ ಪಟ್ಟೆಗಳು ಹದಿನೇಳು, ಹೊಂದಿದವು ಹದಿನೇಳು. ಕೆಳಗೆ ವರದಿಗಾರ್ತಿಯ ಕೈಬರಹದಲ್ಲಿ ಅಭಿನಂದನೆ.

ಅವನ ಸುಳ್ಳಿಗೆ ಇದಕ್ಕಿಂತ ಭದ್ರವಾದ ಬೇಲಿ ಬೇಕಿರಲಿಲ್ಲ. ಕಾಗದವನ್ನು ಅತ್ತಿಗೆಗೆ ತೋರಿಸಿದ್ದರೆ ಮುಗಿಯುತ್ತಿತ್ತು. ಆದರೆ ಆ ಕಾಗದದೊಂದಿಗೆ ಕೋಣೆಯಲ್ಲಿ ಒಬ್ಬನೇ ಕೂರುವುದು ಅವನಿಂದಾಗಲಿಲ್ಲ. ಅವಳನ್ನು ಕರೆಸಿದ.

"ಅತ್ತಿಗೆ, ಕೂತ್ಕೊಳ್ಳಿ. ಅಣ್ಣನ ಯೀಸ್ಟ್ ಅಂತಲೇ ವರದಿ ಬಂದಿದೆ. ಆದ್ರೆ ಅದು ಸತ್ತು ಎಂಟು ತಿಂಗಳಾಯ್ತು. ಕರೆಂಟ್ ಆರಿಸಿ ನಾನೇ ಕೊಂದೆ. ಮೋರಿಗೆ ಸುರಿದವನೂ ನಾನೇ. ಇದರಲ್ಲಿರೋದು ಪೇಟೆ ಪೊಟ್ಟಣದ್ದು. ನಿಮಗೆ ಸುಳ್ಳು ಹೇಳಿದ್ದೆ."

ಹೇಳಿ ಅವಳ ಕೈಗಳನ್ನು ನೋಡುತ್ತ ಕುಳಿತ. ಅವಳು ಕೇಳಿದಳು:

"ನೀನೂನಾ?"

"ಅಂದ್ರೆ?"

"ನಿಮ್ಮಣ್ಣ ಮನೇಲೂ ಈ ಯೀಸ್ಟಿಂದು ಒಂದು ಜಾಡಿ ಇಟ್ಟಿದ್ರು. ಬ್ರೂವರಿಗೆ ಬೆಂಕಿ ಬಿದ್ರೂ ಇದು ಉಳೀಲಿ ಅಂತ. ವಾರಕ್ಕೊಂದು ಸಲ ಮಾಲ್ಟ್ ನೀರು ಕುಡಿಸಬೇಕಿತ್ತು. ಅವರು ಹೋದ ಮೇಲೆ ನನಗೆಲ್ಲಿ ನೆನಪು? ಕಪ್ಪಾಗಿ ಸುಟ್ಟ ರಬ್ಬರಿನ ಥರ ನಾತ ಹೊಡೀತಿತ್ತು. ಅಣ್ಣನೂ ಹೋದ, ಇದೂ ಹೋಯ್ತು ಅಂದ್ರೆ ನೀನು ಎದ್ದು ನಿಲ್ಲಲ್ಲ ಅಂತ ಹೇಳಲಿಲ್ಲ. ಟ್ಯಾಂಕಿನದಾದ್ರೂ ಇದೆಯಲ್ಲ ಅಂತ ದಿನಾ ಬಂದು ಕಿವಿ ಕೊಡ್ತಿದ್ದೆ."

ಸೊನ್ನೆಗೆ ಸೊನ್ನೆ ಕೂಡಿಸಿದರೆ ಸೊನ್ನೆ. ಇಬ್ಬರೂ ಟ್ಯಾಂಕಿನ ಕಡೆ ತಿರುಗಿದರು.

"ಮೂಲೇಲಿ ಎಲ್ಲಾದ್ರೂ ಒಂಚೂರು ಉಳಿದಿತ್ತೇನೋ," ಎಂದಳು.

"ಕ್ಷಾರ, ಕುದಿನೀರು, ಎರಡು ಸಲ. ತೊಳೆದವನು ನಾನು."

"ನೀನು ತೊಳೆದ ಮೇಲೂ ಉಳಿಯೋವಷ್ಟು ಹಟ ಇದ್ದದ್ದು ಅವರೊಬ್ಬರಿಗೇ."

ಅವನು ನಗಲಿಲ್ಲ. ಅವಳು ಬಕೆಟ್ಟಿನತ್ತ ಬೆರಳು ತೋರಿಸಿದಳು. "ಆಸ್ಪತ್ರೇಲಿ ಹದಿನಾರು ದಿನ ನಾನು ಕೇಳಿದ್ದು ಇದನ್ನೇ. ನಿಮ್ಮಣ್ಣ ಮೂರು ಸಲ ಉಸಿರು ಎಳೆಯೋರು, ಆಮೇಲೆ ನಿಲ್ಲಿಸೋರು. ನಿನಗೆ ಗೊತ್ತಾಗುತ್ತೇನೋ ಅಂತ ಸುಮ್ಮನಿದ್ದೆ."

"ಭಯ ಆಗಲ್ವಾ ನಿಮಗೆ?"

"ನನಗ್ಯಾಕೆ? ಆ ಜಾಡಿ ನಾನು ಚೆಲ್ಲಿಲ್ಲ. ಇವತ್ತಿಗೂ ಬೆಳಿಗ್ಗೆ ಮುಚ್ಚಳ ತೆಗೆದು ನೋಡ್ತೀನಿ. ಹಾಗೇ ಇದೆ, ಕಪ್ಪಗೆ." ಅವಳ ದನಿಯಲ್ಲಿ ಒಂದು ಸಣ್ಣ ಮುನಿಸಿತ್ತು, ಅದರ ಹಿಂದೆ ಭಾರ ಇಳಿಸಿದವರ ಉಸಿರಿತ್ತು. "ಅವರು ನನ್ನ ಹತ್ತಿರ ಬರಲಿಲ್ಲ. ನಿನ್ನ ಹತ್ತಿರ ಬಂದರು."

ಎದ್ದು ಸೆರಗು ಸರಿಪಡಿಸಿಕೊಂಡಳು.

"ಸೋಮವಾರ ಅಕ್ಕನ ಮನೆಗೆ ಹೊರಡ್ತೀನಿ. ಆವಾಗಿಂದ ಕರೀತಾನೇ ಇದ್ದಾಳೆ. ಒಂಟಿ ಬಿಟ್ಟು ಹೇಗೆ ಹೋಗೋದು ಅಂತ ಕಾಲು ಹಿಂದೆಮುಂದೆ ಆಗ್ತಿತ್ತು."

"ಯಾರನ್ನ?"

"ನಿನ್ನನ್ನೇ. ಇನ್ನೇನು, ಒಂಟಿ ಅಲ್ಲವಲ್ಲ."

ಬಾಗಿಲು ಅವಳ ಹಿಂದೆ ಮುಚ್ಚಿಕೊಂಡಿತು. ಅವಳು ತಿನ್ನುತ್ತಾಳೆ, ಬದುಕುತ್ತಾಳೆ. ಅವನು ಎಂಟು ತಿಂಗಳು ಹೆದರಿದ್ದು ನಡೆಯಲೇ ಇಲ್ಲ. ಆ ಭಯ ಖಾಲಿ ಮಾಡಿದ ಜಾಗ ಬಹಳ ಹೊತ್ತು ಖಾಲಿ ಉಳಿಯಲಿಲ್ಲ.

ಮೂರನೆಯ ಟ್ಯಾಂಕಿನಲ್ಲಿ ಬೆಳಿಗ್ಗೆ ಕುದಿಸಿದ ಮಾಲ್ಟ್ ರಸ ತಣಿದು ಕಾದಿತ್ತು. ಯೀಸ್ಟ್ ಹಾಕದೆ ರಾತ್ರಿ ಬಿಟ್ಟರೆ ಹುಳಿಯಾಗುತ್ತದೆ. ಕಪಾಟಿನಲ್ಲಿ ಒಡೆಯದ ಪೊಟ್ಟಣ ಎರಡಿದ್ದವು. ಅವನು ಕಪಾಟಿನವರೆಗೆ ಹೋಗಿ, ನಿಂತು, ಹಿಂದಿರುಗಿದ. ಎರಡನೆಯ ಟ್ಯಾಂಕಿನ ಮಾಪಕ ನಾಲ್ಕು ಡಿಗ್ರಿ ತೋರಿಸುತ್ತಿತ್ತು. ಮಂಡಿಯೂರಿ ಕೂತು, ಗಸಿಗೆ ಡಬ್ಬಿಯೊಡ್ಡಿ, ತಳದ ಕವಾಟದ ಹಿಡಿ ಹಿಡಿದ.

ಉಕ್ಕು ಬೆಚ್ಚಗಿತ್ತು, ಮೈಯ ಬಿಸಿಯಷ್ಟು.

ಅವನು ಹಿಡಿ ತಿರುಗಿಸಿದ.