ಪಟ್ಟಾಂಬಿಯಲ್ಲಿ ಐದು ನಿಮಿಷ

ಸುಗತನ್ ಮೂರನೆಯ ಸಲ ಬಂದಾಗ ನಾನು ಅವನ ಸೊಂಟ ಮುಟ್ಟಲಿಲ್ಲ.

"ಬೋರಲು ಮಲಗ್ಲಾ ವೈದ್ಯರೇ?"

"ಬೇಡ. ಕೂತ್ಕೋ, ಮಾತಾಡ್ಬೇಕು."

ಹಿಂದಿನ ಎರಡು ಸಲವೂ ಒಂದೇ ಕಥೆ. ಸೊಂಟದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ, ಬೆಚ್ಚಗಿನ ಎಣ್ಣೆ ತುಂಬಿ ಹದಿನಾಲ್ಕು ದಿನ ಚಿಕಿತ್ಸೆ. ಆಮೇಲೆ ಅಷ್ಟೇ ದಿನ ಗಂಜಿ, ಹೆಸರುಕಾಳು, ವಿಶ್ರಾಂತಿ. ನೋವು ಮಾಯ. ಅವನು ಹೋಗಿ ಗುರುವಾಯೂರು–ಪಾಲಕ್ಕಾಡ್ ಬಸ್ಸಿನ ಸ್ಟಿಯರಿಂಗ್ ಹಿಡಿಯುತ್ತಾನೆ. ಇಪ್ಪತ್ತು ದಿನಕ್ಕೆ ನೋವು ಮತ್ತೆ ಹಾಜರು. ಹೋದ ವಾರ ಬ್ರೇಕ್ ಒತ್ತುವಾಗ ಸೊಂಟ ಹಿಡಿದುಕೊಂಡು, ಬಸ್ಸು ಮೀನಿನ ಗಾಡಿಯಿಂದ ಒಂದು ಗೇಣು ದೂರದಲ್ಲಿ ನಿಂತಿತಂತೆ. ಇನ್ನೊಮ್ಮೆ ಹೀಗಾದರೆ ಆ ಸೀಟು ಬೇರೆಯವನಿಗೆ ಎಂದು ಮಾಲೀಕರು ಹೇಳಿದ್ದಾರೆ.

"ಹಸಿವು ಹೇಗಿದೆ?"

"ಹಸಿವಿಗೇನು, ಸೊಂಟ ನೋಡಿ."

"ದಿನಕ್ಕೆ ಎಷ್ಟು ನೀರು ಕುಡೀತೀಯ?"

"ಬೆಳಗ್ಗೆ ಒಂದು ಚಾ. ಆಮೇಲೆ ಪಾಲಕ್ಕಾಡ್ ತಲುಪಿದ ಮೇಲೆ."

"ಮಧ್ಯ ಮೂರು ಗಂಟೆ?"

"ಕುಡಿದ್ರೆ ಇಳೀಬೇಕಲ್ಲ." ಅವನು ಗೋಡೆ ನೋಡುತ್ತ ಹೇಳಿದ. "ನಮ್ಮ ಹಿಂದೆ ನಾಲ್ಕೇ ನಿಮಿಷಕ್ಕೆ ಜೋಸ್‌ಮೋನನ ಬಸ್ಸು. ನಾನು ಎಲ್ಲಾದ್ರೂ ನಿಂತ್ರೆ ಅವನು ಮುಂದೆ ಹೋಗಿ ದಾರೀಲಿರೋ ಜನಾನೆಲ್ಲ ಹತ್ತಿಸ್ಕೊಂಡು ಬಿಡ್ತಾನೆ. ಹನ್ನೊಂದು ವರ್ಷದಿಂದ ತಡ್ಕೊಂಡು ಅಭ್ಯಾಸ ಆಗಿದೆ."

ಅದನ್ನು ಅವನು ಹೆಮ್ಮೆಯಿಂದಲೇ ಹೇಳಿದ.

ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಮೂತ್ರ, ಹಸಿವು, ಬಾಯಾರಿಕೆ, ಸೀನು, ಕಣ್ಣೀರು, ನಿದ್ದೆ: ದೇಹ ತಾನಾಗಿ ಹೊರಡಿಸುವ ಇಂಥ ಹದಿಮೂರು ವೇಗಗಳನ್ನು ತಡೆಯಬಾರದು ಎಂಬುದು ಆಯುರ್ವೇದದ ಮೊದಲ ವರ್ಷದ ಪಾಠ. ತಡೆದರೆ ಕೆಳಕ್ಕೆ ಹರಿಯಬೇಕಾದ ವಾಯು ದಾರಿ ಸಿಗದೆ ಸೊಂಟದಲ್ಲೇ ಸುತ್ತುತ್ತದೆ. ಅವನು ಮನೆಯಲ್ಲಿದ್ದ ದಿನಗಳಲ್ಲಿ ನೋವು ಹೋಗಿದ್ದು ಬರೀ ನನ್ನ ಎಣ್ಣೆಯಿಂದಲ್ಲ. ಮನೆಯಲ್ಲಿ ಬಚ್ಚಲು ಹತ್ತು ಹೆಜ್ಜೆ ದೂರದಲ್ಲಿತ್ತು.

"ಔಷಧಿ ಪಟ್ಟಾಂಬಿ ಸ್ಟ್ಯಾಂಡಲ್ಲಿದೆ," ಎಂದೆ. "ಅರ್ಧ ದಾರೀಲಿ ಅಲ್ಲಿ ಐದು ನಿಮಿಷ ನಿಲ್ಲಿಸಿ ಇಳಿ. ದಾರೀಲಿ ನೀರು ಕುಡಿ. ಒಂದು ತಿಂಗಳು."

"ಶಂಸು ನನ್ನ ಕೊಂದು ಹಾಕ್ತಾನೆ." ಶಂಸು ಅವನ ಕಂಡಕ್ಟರ್.

"ಸೋಮವಾರ ನಾನೂ ಬರ್ತೀನಿ. ಮೊದಲು ನನ್ನ ಕೊಲ್ಲಲಿ."

ಸೋಮವಾರ ಗುರುವಾಯೂರಿನಲ್ಲಿ ಹತ್ತಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕುಳಿತೆ. ಕುನ್ನಂಕುಳಂನಲ್ಲಿ ಅವನಿಗೆ ಅರ್ಧ ಬಾಟಲಿ ನೀರು ಕುಡಿಸಿದೆ. ಕೂಟ್ಟನಾಡಿನಲ್ಲಿ ಉಳಿದರ್ಧ. ಅವನು ಕನ್ನಡಿಯಲ್ಲಿ ನನ್ನನ್ನು ದುರುಗುಟ್ಟಿ ನೋಡುತ್ತಿದ್ದ. ಬಸ್ಸು ತುಂಬಿತ್ತು, ಮುಂದೆಲ್ಲ ಹೆಂಗಸರು.

ಪಟ್ಟಾಂಬಿ ಸ್ಟ್ಯಾಂಡಿನಲ್ಲಿ ಜನ ಹತ್ತಿದ ಕೂಡಲೇ ಶಂಸು ಬೆಲ್ ಹೊಡೆದ. ಸುಗತನ್ ಇಂಜಿನ್ ಆರಿಸಿದ.

"ಏನಾಯ್ತು ಅಣ್ಣಾ, ಕೆಟ್ಟೋಯ್ತಾ?"

"ಇಲ್ಲ. ಇಳೀಬೇಕು."

"ಈಗಲಾ? ಜೋಸ್‌ಮೋನ್ ಆಗಲೇ ಹಿಂದಿನ ಸೇತುವೆ ದಾಟಿರ್ತಾನೆ."

ಸುಗತನ್ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು ಹಾಗೇ ಕುಳಿತ. ಹಿಂದಿನಿಂದ ಯಾರೋ ಕೂಗಿದರು: "ಸಾರಥಿಗೆ ಮೊಲೆಹಾಲು ಕುಡಿಸ್ಬೇಕಾ?" ನಗು ಎದ್ದಿತು. ಅವನ ಕಿವಿ ಕೆಂಪಾಯಿತು. ಕೈ ಮತ್ತೆ ಕೀಲಿಯತ್ತ ಹೋಯಿತು.

ನಾನು ಎದ್ದು ನಿಂತೆ. "ಇವರು ನನ್ನ ರೋಗಿ. ಮೂರು ಗಂಟೆ ಮೂತ್ರ ಕಟ್ಟಿಕೊಂಡು ಓಡಿಸಿ ಸೊಂಟ ಹಾಳಾಗಿದೆ. ನಿಮ್ಮೆಲ್ಲರ ಜೀವ ಆ ಸೊಂಟದ ಮೇಲಿದೆ. ಐದು ನಿಮಿಷ ಕಾಯೋಕೆ ಆಗದವರು ಕೈ ಎತ್ತಿ."

ಒಂದೂ ಕೈ ಏಳಲಿಲ್ಲ. ಮೂರನೆಯ ಸಾಲಿನಲ್ಲಿ, ಕಂಕುಳಲ್ಲಿ ಚೀಲ ಅವುಚಿಕೊಂಡಿದ್ದ ಒಬ್ಬ ಮುದುಕಿ ಮಾತ್ರ ಎದ್ದರು.

"ಕಾಯೋಕಾಗಲ್ವಾ ಅಮ್ಮಾ?" ಎಂದು ಶಂಸು ಆಸೆಯಿಂದ ಕೇಳಿದ.

"ಆಗಲ್ಲ ಮಗನೇ. ಚಾವಕ್ಕಾಡಲ್ಲಿ ಮನೆ ಬಿಟ್ಟಾಗಿಂದ ತಡ್ಕೊಂಡಿದ್ದೀನಿ. ದಾರಿ ಬಿಡು."

ಅವರ ಹಿಂದೆ ನರ್ಸ್ ಸಮವಸ್ತ್ರದ ಇಬ್ಬರು ಎದ್ದರು. ಆಮೇಲೆ ಮಡಿಲಲ್ಲಿ ಮಗುವಿದ್ದವಳು, ಮಗುವನ್ನು ಪಕ್ಕದವಳ ಕೈಗೆ ಕೊಟ್ಟು. ನೋಡುತ್ತಿದ್ದಂತೆ ಮುಂದಿನ ಸೀಟುಗಳೆಲ್ಲ ಖಾಲಿ. ಮೊಲೆಹಾಲಿನ ಮಾತಾಡಿದವನೂ ತಲೆ ತಗ್ಗಿಸಿಕೊಂಡು ಇಳಿದ. ಸುಗತನ್ ಆಗಲೇ ಹೋಗಿದ್ದ, ಓಡದೆ, ಲುಂಗಿ ಎತ್ತಿ ಕಟ್ಟಿ, ಮದುವೆ ಮನೆಗೆ ಹೊರಟವನ ಹಾಗೆ.

"ಇಷ್ಟು ಜನ ತಡ್ಕೊಂಡಿದ್ರಾ ಅಕ್ಕಾ?" ಶಂಸು ನನ್ನನ್ನು ಕೇಳಿದ.

"ನೀನು?"

ಅವನು ಟಿಕೆಟ್ ಯಂತ್ರವನ್ನು ನನ್ನ ಕೈಗಿಟ್ಟು ಹೊರಟ.

ಆಗ ಜೋಸ್‌ಮೋನನ ಬಸ್ಸು ಹಾರ್ನ್ ಹೊಡೆಯುತ್ತ ಸ್ಟ್ಯಾಂಡಿಗೆ ನುಗ್ಗಿತು. ಹತ್ತಬೇಕಾದವರನ್ನೆಲ್ಲ ಶಂಸು ಆಗಲೇ ಹತ್ತಿಸಿಕೊಂಡಿದ್ದ. ಆದರೂ ಮುಂದಿನ ಓಂಗಲ್ಲೂರು, ಶೊರನೂರಿನ ಜನವೆಲ್ಲ ಇನ್ನು ಜೋಸ್‌ಮೋನನ ಪಾಲೇ. ಜೋಸ್‌ಮೋನ್ ಕಿಟಕಿಯಿಂದ ತಲೆ ಹೊರಹಾಕಿ, ಶೌಚಾಲಯದ ಮುಂದಿನ ಎರಡು ಸಾಲು ನೋಡಿದ. ಗಂಡಸರ ಸಾಲಿನಲ್ಲಿ ಸುಗತನ್ ಎರಡನೆಯವನು.

"ಏನೋ ಇದು, ಮುಷ್ಕರನಾ?"

"ಚಿಕಿತ್ಸೆ," ಎಂದ ಸುಗತನ್, ತಿರುಗದೆ. "ಹೋಗು, ನೀನೇ ಮುಂದೆ ಹೋಗು."

ಜೋಸ್‌ಮೋನನ ಇಂಜಿನ್ ಒಂದು ಕ್ಷಣ ಗುರುಗುಟ್ಟಿತು. ಅವನ ಕಂಡಕ್ಟರ್ ಹೊರಡು ಎಂದು ಎರಡು ಬೆಲ್ ಕೊಟ್ಟ. ಇಂಜಿನ್ ಆರಿತು. ಜೋಸ್‌ಮೋನ್ ಇಳಿದು ಬಂದು, ಶಂಸುವಿನ ಹಿಂದೆ ನಿಂತು ಸೊಂಟದ ಮೇಲೆ ಎರಡೂ ಕೈ ಇಟ್ಟುಕೊಂಡ.

"ಸ್ವಲ್ಪ ಬೇಗ ಮಾಡ್ರೋ," ಎಂದ.